ನಿಲ್ಲದ ಗಟ್ಟಿಮೇಳ: ಒಬ್ಬ ಸ್ಯಾಕ್ಸೋಫೋನ್ ವಾದಕನ ಮೂರು ವರ್ಷದ ಲೆಕ್ಕ

ತಾಳಿ ಕಟ್ಟಿ ಆಯಿತು. ಅಕ್ಷತೆ ಬಿತ್ತು. ಪುರೋಹಿತರು ಕೈ ಇಳಿಸಿದರು. ಡೋಲು ನಿಂತಿತು, ತಾಳ ನಿಂತಿತು. ಸ್ಯಾಕ್ಸೋಫೋನ್ ಮಾತ್ರ ನಿಲ್ಲಲಿಲ್ಲ.

ಮದ್ದೂರಿನ ಹತ್ತಿರದ ಒಂದು ಕಲ್ಯಾಣ ಮಂಟಪ. ವೈಶಾಖ ಮಾಸ, ಬೆಳಿಗ್ಗೆ ಒಂಬತ್ತೂವರೆಯ ಮುಹೂರ್ತ. ಹುಡುಗ ಕಣ್ಣು ಮುಚ್ಚಿಕೊಂಡು ಇನ್ನೂ ನಾಲ್ಕು ನಿಮಿಷ ಊದಿದ. ನಾಲ್ಕು ನಿಮಿಷ ಏನು ಮಹಾ ಅನ್ನಬೇಡಿ. ಧಾರೆ ಮುಗಿದ ಮಂಟಪದಲ್ಲಿ ಅದು ಬಹಳ ಹೊತ್ತು. ವಿಡಿಯೋದವನು ಗಂಡು-ಹೆಣ್ಣನ್ನು ಬಿಟ್ಟು ಕ್ಯಾಮೆರಾವನ್ನು ಇವನ ಕಡೆ ತಿರುಗಿಸಿದ. ಒಂದು ಮಗು ಬೆಚ್ಚಿ ಅಳಲು ಶುರು ಮಾಡಿತು. ಮುಂದಿನ ಮಂತ್ರ ಹೇಳಬೇಕಿದ್ದ ಪುರೋಹಿತರು ಮೈಕ್ ಹಿಡಿದುಕೊಂಡು ಸುಮ್ನೆ ಕೂತರು. ಕೊನೆಗೆ ಹೆಣ್ಣಿನ ಸೋದರಮಾವ ಬಂದು ಭುಜ ಹಿಡಿದು ಅಲ್ಲಾಡಿಸಿದ. ವಾದ್ಯ ಹಲ್ಲಿಗೆ ತಗುಲಿ ತುಟಿ ಒಡೆಯಿತು.

ಪಕ್ಕದಲ್ಲಿ ಡೋಲು ಹಾಕಿಕೊಂಡು ಕೂತಿದ್ದವರು ಅವನ ಅಪ್ಪ. ಒಂದು ಮಾತೂ ಆಡಲಿಲ್ಲವಂತೆ. ಊಟಕ್ಕೂ ಏಳಲಿಲ್ಲವಂತೆ.

ಹುಡುಗ ಅಂದರೆ ಮೂವತ್ತೊಂದು ವರ್ಷದವನು. ಹೆಸರು ಬರೆಯುವುದಿಲ್ಲ. "ಬರೀರಿ ಮೇಷ್ಟ್ರೇ, ಹೆಸರೊಂದು ಬ್ಯಾಡ. ಕಂಟ್ರಾಕ್ಟ್ರು ಓದುದ್ರೆ ಕಷ್ಟ" ಎಂದಿದ್ದಾನೆ. ಮದುವೆಗಳಿಗೆ ಓಲಗದವರನ್ನು ಗೊತ್ತು ಮಾಡುವವನು ಈ ಕಂಟ್ರಾಕ್ಟರ್. ನಾನು ಮೈಸೂರಿನಲ್ಲಿ ಕಾಮರ್ಸ್ ಪಾಠ ಹೇಳುವವನು. ಸರಸ್ವತಿಪುರಂನ ನಮ್ಮ ಮನೆಯ ಮೇಲಿನ ರೂಮಿನಲ್ಲಿ ಅವನು ಬಾಡಿಗೆಗಿದ್ದಾನೆ. ಮೂರು ತಿಂಗಳ ಬಾಡಿಗೆ ಬಾಕಿ ಬಿದ್ದಾಗ ಕೇಳಲು ಹತ್ತಿ ಹೋದೆ. ಅವನು ಒಂದು ಡೈರಿ ತೆಗೆದು ಮುಂದಿಟ್ಟ. ಎಲ್ಲಿ ಯಾವ ಮದುವೆ, ಎಷ್ಟು ಬಂತು, ಎಷ್ಟು ಬರಬೇಕು, ಎಲ್ಲ ಪೆನ್ಸಿಲ್ಲಿನಲ್ಲಿ. ಲೆಕ್ಕದ ಪುಸ್ತಕ ಕಂಡರೆ ಬಿಡುವ ಜಾತಿಯಲ್ಲ ನಾನು. ಅಂದಿನಿಂದ ಅವನ ಲೆಕ್ಕ ನನ್ನ ಕೈಗೆ ಬಂತು. ಬಾಡಿಗೆ ಮಾತ್ರ ಅಂದು ಬರಲಿಲ್ಲ.

ಬಿಕಾಂ ಮಕ್ಕಳಿಗೆ ಕೊಡುವ ಕೇಸುಗಳಲ್ಲಿ ಯಾವಾಗಲೂ ಒಂದು ಬಿಸ್ಕತ್ತು ಕಂಪನಿ, ಒಂದು ಸೋಪಿನ ಕಂಪನಿ ಇರುತ್ತವೆ. ಈ ವರ್ಷ ಇವನದನ್ನು ಕೊಟ್ಟೆ. ಪ್ರಯೋಗದ ಜಾಝ್ ನುಡಿಸುವ ಒಬ್ಬ ವಾದಕ ಮೈಸೂರು-ಮಂಡ್ಯದ ನಡುವೆ ಹೇಗೆ ಬದುಕುತ್ತಾನೆ, ಅವನಿಗೆ ನೀವೇನು ಸಲಹೆ ಕೊಡುತ್ತೀರಿ ಎಂದು ಕೇಳಿದೆ. ನಾನೇ ಕೊಟ್ಟ ಸಲಹೆ ತಪ್ಪಾಗಿತ್ತು ಅನ್ನುವುದನ್ನು ಕ್ಲಾಸಿನಲ್ಲಿ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ಓಲಗದ ಮನೆ

ಊರು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಮೂರು ತಲೆಮಾರಿನಿಂದ ಓಲಗದವರು. ತಾತ ನಾಗಸ್ವರ, ಅಪ್ಪ ಡೋಲು. ಇವನಿಗೆ ಹತ್ತು ವರ್ಷವಾಗುವ ಹೊತ್ತಿಗೆ ತಾತನ ಮುಂದಿನ ಹಲ್ಲು ಉದುರಿ ನಾಗಸ್ವರ ಗೋಡೆಯ ಮೊಳೆಗೆ ಹೋಯಿತು. ಅಷ್ಟರಲ್ಲಿ ಮದುವೆ ಮಾತುಕತೆಗೆ ಬರುವವರು "ಸ್ಯಾಕ್ಸೋಫೋನ್ ಐತಾ?" ಎಂದು ಕೇಳತೊಡಗಿದ್ದರು. ಅಪ್ಪ ಸಾಲ ಮಾಡಿ ಒಂದು ಹಳೆಯ ಆಲ್ಟೋ ಸ್ಯಾಕ್ಸೋಫೋನ್ ತಂದರು.

ಜನ ಹಾಗೆ ಕೇಳಲು ಕಾರಣ ಕದ್ರಿ ಗೋಪಾಲನಾಥ್. ಅವರ ಕಥೆಯಲ್ಲಿ ಮೈಸೂರಿಗೂ ಒಂದು ಪಾಲಿದೆ. 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಹುಟ್ಟಿದವರು. ತಂದೆ ನಾಗಸ್ವರದವರು. ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿ ಮರುಳಾದರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಎನ್ನುವವನು ಮಾಡಿ, 1846ರಲ್ಲಿ ಪೇಟೆಂಟ್ ಪಡೆದ ವಾದ್ಯ ಅದು. ಅದರ ಒಂದೊಂದು ಕೀಲಿಯೂ ಒಂದೊಂದು ಸ್ವರದ ಮೇಲೆ ಕಡ್ಡಿ ಮುರಿದ ಹಾಗೆ ನಿಲ್ಲುತ್ತದೆ. ಸ್ವರದಿಂದ ಸ್ವರಕ್ಕೆ ಜಾರಿಸುವ, ತೂಗಿಸುವ ನಮ್ಮ ಗಮಕ ಅದಕ್ಕೆ ಬಾರದು. ತುಟಿ, ದವಡೆ, ಅರ್ಧ ತೆರೆದ ಕೀಲಿ, ಇವುಗಳಿಂದ ಆ ಬಿಗಿಯನ್ನು ಸಡಿಲಿಸಿ ಕರ್ನಾಟಕ ಸಂಗೀತ ನುಡಿಸಲು ಅವರಿಗೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಅವರನ್ನು ಕೇಳಿ, ವೇದಿಕೆಯ ಮೇಲೆ ಜೊತೆಗೆ ನುಡಿಸಲು ಕರೆದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಸಂಗೀತೋತ್ಸವದ ಕಛೇರಿ. 2004ರಲ್ಲಿ ಪದ್ಮಶ್ರೀ.

ಆ ಅರಮನೆ ಬ್ಯಾಂಡ್ ಕೂಡ ಬರೀ ಮೆರವಣಿಗೆಯ ಶೋಕಿಯಾಗಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ತಾವೇ ನಮ್ಮ ವಾದ್ಯ, ಪಶ್ಚಿಮದ ವಾದ್ಯ ಎರಡನ್ನೂ ಬಲ್ಲವರು. ಅವರ ನಂತರದ ಜಯಚಾಮರಾಜ ಒಡೆಯರ್ 1950ರಲ್ಲಿ ಲಂಡನ್ನಿನಲ್ಲಿ ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ಹಾಡುಗಳ ಮೊದಲ ಕಛೇರಿಗೆ ಕೈಯಿಂದ ದುಡ್ಡು ಕೊಟ್ಟವರು. ಯಾರೂ ಕೇಳದಿದ್ದ ಹೊಸ ಸಂಗೀತಕ್ಕೆ ಮುಂಗಡ ಕೊಡುವವರು ಒಂದು ಕಾಲಕ್ಕೆ ಈ ಊರಲ್ಲೇ ಇದ್ದರು. ಇದು ನನ್ನ ಬಾಡಿಗೆದಾರನಿಗೆ ಎಳ್ಳಷ್ಟೂ ಉಪಯೋಗವಿಲ್ಲದ ಮಾಹಿತಿ. ಆದರೂ ನನಗೆ ಆಗಾಗ ನೆನಪಾಗುತ್ತದೆ.

ಇನ್ನು ಮೊದಲ ವರ್ಷದ ಲೆಕ್ಕ. 58 ಮುಹೂರ್ತ, ಒಂದಕ್ಕೆ 3,500. ಆರತಕ್ಷತೆ 17, ಒಂದಕ್ಕೆ 5,000. ಆರತಕ್ಷತೆಗೆ ಜಾಸ್ತಿ, ಯಾಕೆಂದರೆ ಅಲ್ಲಿ ಕೀಬೋರ್ಡ್ ಜೊತೆ ನಿಂತು ರಾಜ್‌ಕುಮಾರ್ ಹಾಡು ನುಡಿಸಬೇಕು, ಕೋಟು ಹಾಕಬೇಕು. ಒಟ್ಟು 2,88,000. ಆಷಾಢದಲ್ಲಿ ಸೊನ್ನೆ, ಧನುರ್ಮಾಸದಲ್ಲಿ ಸೊನ್ನೆ. ಖರ್ಚಿನಲ್ಲಿ ನನಗೆ ಆಶ್ಚರ್ಯವಾದದ್ದು ರೀಡ್. ಬಾಯಿಗಿಡುವ ಕಡೆ ಕಟ್ಟುವ ತೆಳ್ಳನೆಯ ಜೊಂಡಿನ ಚೂರು ಅದು. ಹತ್ತರ ಡಬ್ಬಿಗೆ ಮೂರು ಸಾವಿರದ ಮೇಲೆ. ಹತ್ತರಲ್ಲಿ ಚೆನ್ನಾಗಿ ನುಡಿಯುವುದು ಮೂರೋ ನಾಲ್ಕೋ. ಉಳಿದವನ್ನು ಅವನು ಬೆಳಕಿಗೆ ಹಿಡಿದು ನೋಡುತ್ತಾನೆ, ಕಪ್ಪಗೆ ಕಾಣುವ ಕಡೆ ದಪ್ಪವಿದೆ ಎಂದು ಅರ್ಥ. ಅಲ್ಲಿ ಮರಳು ಕಾಗದದಿಂದ ಎರಡೇ ಎರಡು ಸಲ ಉಜ್ಜುತ್ತಾನೆ. ಬಾಯಲ್ಲಿಟ್ಟು ನೆನೆಸುತ್ತಾನೆ. ಊದುತ್ತಾನೆ. ಮತ್ತೆ ಬೆಳಕಿಗೆ. ಒಂದು ಭಾನುವಾರ ಪೂರ್ತಿ ಇದರಲ್ಲೇ ಕಳೆದದ್ದನ್ನು ನೋಡಿದ್ದೇನೆ. ಹಾಳಾದ ರೀಡುಗಳನ್ನು ನನ್ನ ಹೆಂಡತಿ ಕರಿಬೇವಿನ ಗಿಡದ ಕುಂಡದಲ್ಲಿ ಸಿಗಿಸಿದ್ದಾಳೆ.

ಒಂದೇ ಕಿವಿಯ ಜಾಝ್

ಜಾಝ್ ಇವನಿಗೆ ಸಿಕ್ಕಿದ್ದು ನಾಟಕದಿಂದ. ಮೈಸೂರಿನ ರಂಗಭೂಮಿಯಲ್ಲಿ ಬಿ.ವಿ. ಕಾರಂತರ ಗಾಳಿ ಇನ್ನೂ ಇದೆ. ರಂಗಾಯಣವನ್ನು 1989ರಲ್ಲಿ ಕಟ್ಟಿ ನಿಲ್ಲಿಸಿದ ಕಾರಂತರು ಕಲ್ಲು, ಎಲೆ, ಚಿಪ್ಪು ಏನು ಕೈಗೆ ಸಿಕ್ಕರೂ ಅದರಲ್ಲಿ ನಾದ ಹುಡುಕಿದವರು. ಅವರನ್ನು ಕಂಡು ಬೆಳೆದವರಿಗೆ ವಿಚಿತ್ರ ಸದ್ದು ಎಂದರೆ ಅಂಜಿಕೆಯಿಲ್ಲ. ಅಂಥ ಒಂದು ಹವ್ಯಾಸಿ ತಂಡ ಇವನನ್ನು ನಾಟಕಕ್ಕೆ ಊದಲು ಕರೆಯಿತು. ಕೊಟ್ಟದ್ದು ಪೆಟ್ರೋಲಿಗೆ ಸಾಕಾಗುವಷ್ಟು. ಆದರೆ ತಂಡದ ಒಬ್ಬರು ಒಂದು ಪೆನ್‌ಡ್ರೈವ್ ಕೊಟ್ಟರು. ಅದರಲ್ಲಿ ಜಾನ್ ಕೋಲ್ಟ್ರೇನ್ ಇದ್ದ, ಓರ್ನೆಟ್ ಕೋಲ್ಮನ್ ಇದ್ದ, ಇಬ್ಬರೂ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕರು. ಬೆಂಗಳೂರಿನ ತಾಳವಾದ್ಯದವರ ತಂಡ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಚಾರ್ಲಿ ಮರಿಯಾನೋ ಮಾಡಿದ 1983ರ ಆಲ್ಬಂ ಕೂಡ ಇತ್ತು. ಈ ಮರಿಯಾನೋ ಬಾಸ್ಟನ್ನಿನವನು, ಜಾಝ್‌ನ ದೊಡ್ಡ ಹೆಸರು ಚಾರ್ಲ್ಸ್ ಮಿಂಗಸ್ ಜೊತೆ ಸ್ಯಾಕ್ಸೋಫೋನ್ ನುಡಿಸಿದವನು, ಆಮೇಲೆ ನಾಗಸ್ವರ ಕಲಿತವನು. ನಮ್ಮ ಹುಡುಗನ ಮನೆಯಲ್ಲಿ ನಾಗಸ್ವರ ಮೊಳೆಗೆ ಹೋಗಿ ಸ್ಯಾಕ್ಸೋಫೋನ್ ಬಂತು. ಮರಿಯಾನೋ ಸ್ಯಾಕ್ಸೋಫೋನ್ ಇಟ್ಟುಕೊಂಡೇ ನಾಗಸ್ವರ ಹುಡುಕಿಕೊಂಡು ಬಂದ.

ಆದರೆ ಇವನನ್ನು ಹಿಡಿದುಕೊಂಡದ್ದು ಕೋಲ್ಮನ್. 1960ರ ಡಿಸೆಂಬರ್‌ನಲ್ಲಿ ಎಂಟು ಜನರನ್ನು ಕೂರಿಸಿ ಮೂವತ್ತೇಳು ನಿಮಿಷ ಒಂದೇ ಉಸಿರಿಗೆ ನುಡಿಸಿದ ರೆಕಾರ್ಡಿಂಗ್ ಅದು. ಎಡಗಿವಿಗೆ ನಾಲ್ವರು, ಬಲಗಿವಿಗೆ ನಾಲ್ವರು. ಇವನ ಇಯರ್‌ಫೋನಿನ ಒಂದು ಕಡೆ ಕೆಟ್ಟು ಹೋಗಿತ್ತು. ಹಾಗಾಗಿ ಒಂದು ತಿಂಗಳು ನಾಲ್ವರನ್ನೇ ಕೇಳಿದ. ಇನ್ನೂ ನಾಲ್ವರಿದ್ದಾರೆ ಎಂದು ಗೊತ್ತಾದ ದಿನ ಕೆಳಗಿಳಿದು ಬಂದು ನನ್ನ ಮಗಳ ಹೆಡ್‌ಫೋನ್ ಕೇಳಿದ. ಅರ್ಧ ಗಂಟೆ ಬಿಟ್ಟು ಮತ್ತೆ ಇಳಿದು ಬಂದ.

"ಇದು ನಮ್ಮ ಗಟ್ಟಿಮೇಳ ಅಲ್ವಾ ಮೇಷ್ಟ್ರೇ?"

ನಾನು ನಕ್ಕೆ. ಅವನು ನಗಲಿಲ್ಲ.

ಯೋಚಿಸಿ ನೋಡಿ. ಓಲಗದವರು ಬೆಳಗಿನಿಂದ ರಾಗ, ಕೀರ್ತನೆ, ದೇವರನಾಮ ಎಂದು ನುಡಿಸುತ್ತಿರುತ್ತಾರೆ. ತಾಳಿ ಎತ್ತಿದ ಗಳಿಗೆಯಲ್ಲಿ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗು ಬೀಳುತ್ತದೆ. ಆ ಕ್ಷಣಕ್ಕೆ ನುಡಿಸುತ್ತಿದ್ದ ರಾಗ ಎಲ್ಲಿತ್ತೋ ಅಲ್ಲಿಗೇ ಬಿಟ್ಟರು, ತಾಳ ಬಿಟ್ಟರು. ಎಲ್ಲರೂ ಒಟ್ಟಿಗೆ ಎಷ್ಟು ಜೋರಾಗಿ, ಎಷ್ಟು ಬೇಗ ಆಗುತ್ತದೋ ಅಷ್ಟು. ಸೀನು, ಅಳು, ಕೆಟ್ಟ ಮಾತು ಯಾವುದೂ ಆ ಹೊತ್ತಿಗೆ ಕಿವಿಗೆ ಬೀಳಬಾರದು, ಅದಕ್ಕೆ. ಅರ್ಧ ನಿಮಿಷದ ಸದ್ದು. ನಾವೆಲ್ಲ ಅದನ್ನು ನೂರಾರು ಸಲ ಕೇಳಿದ್ದೇವೆ, ಒಂದು ಸಲವೂ ಕಿವಿಗೊಟ್ಟಿಲ್ಲ. ಕೈಯಲ್ಲಿ ಅಕ್ಷತೆ, ಕಣ್ಣು ಮಂಟಪದ ಮೇಲೆ. ಇವನ ಪ್ರಶ್ನೆ ಏನೆಂದರೆ, ಈ ಅರ್ಧ ನಿಮಿಷವನ್ನು ನಲವತ್ತು ನಿಮಿಷಕ್ಕೆ ಎಳೆದರೆ ಒಳಗೆ ಏನೇನಿದೆ?

ಅದಕ್ಕೆ ಬೇಕಾದ ಉಸಿರು ಮನೆಯಲ್ಲೇ ಇತ್ತು. ಶ್ರುತಿಪೆಟ್ಟಿಗೆ ಬರುವ ಮೊದಲು ಓಲಗದಲ್ಲಿ ಶ್ರುತಿಗೆಂದೇ ಒಬ್ಬರು ಊದುತ್ತಾ ಕೂರುತ್ತಿದ್ದರು. ಒಂದೇ ಸ್ವರ, ನಿಲ್ಲುವ ಹಾಗಿಲ್ಲ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ಅದನ್ನು ಒತ್ತುತ್ತಲೇ ಮೂಗಿನಿಂದ ಹೊಸ ಉಸಿರು ಎಳೆಯಬೇಕು. ತಾತ ಇವನಿಗೆ ಅದನ್ನು ಕಲಿಸಿದ್ದು ಒಂದು ಲೋಟ ನೀರು, ಒಂದು ಪಪ್ಪಾಯಿ ಎಲೆಯ ಕೊಳವೆ ಕೊಟ್ಟು. ನೀರಿನ ಗುಳ್ಳೆ ನಿಂತರೆ ತಲೆಗೆ ಒಂದು ಮೊಟಕು. ಹಾಗೆ ಕಲಿತವನಿಗೆ ಒಂದೇ ಸ್ವರವನ್ನು ಹತ್ತು ನಿಮಿಷ ಹಿಡಿಯುವುದು ಆಟ. ಅದರ ಮೇಲೆ ಬೆರಳಿನ ಜಾಗ ತಪ್ಪಿಸಿ ಒಂದೇ ಸಲಕ್ಕೆ ಎರಡು ಮೂರು ಸ್ವರ ಸೀಳುವಂತೆ ಮಾಡುವುದನ್ನು ರೆಕಾರ್ಡ್ ಕೇಳಿ ಕೇಳಿ ಕಲಿತ. ಪಕ್ಕದ ಮನೆಯ ನಿವೃತ್ತ ಎಂಜಿನಿಯರ್ ಎರಡು ಸಲ ದೂರು ತಂದರು. ಮೂರನೇ ಸಲ ಬರುವ ಮೊದಲು ಇವನು ಹತ್ತಿ ಹಾಸಿಗೆಯನ್ನು ಕಿಟಕಿಗೆ ಒತ್ತಿ ನಿಲ್ಲಿಸಿ ಸಾಧನೆ ಶುರು ಮಾಡಿದ. ಬೇಸಿಗೆಯಲ್ಲಿ ಆ ರೂಮಿಗೆ ಹೋದರೆ ಹಬೆ ಇಡ್ಲಿ ಪಾತ್ರೆಗೆ ಮುಖ ಇಟ್ಟ ಹಾಗೆ.

ಎರಡನೇ ವರ್ಷ

ಮದ್ದೂರಿನ ಮದುವೆ ಆದದ್ದು ಆಗ. ರೂಮಿನಲ್ಲಿ ನಲವತ್ತು ನಿಮಿಷ ಊದಿದ ಮೈ, ಮಂಟಪದಲ್ಲಿ ಅರ್ಧ ನಿಮಿಷಕ್ಕೆ ನಿಲ್ಲಲಿಲ್ಲ. "ಬೇಕೂ ಅಂತ ಮಾಡಿದ್ದಲ್ಲ ಮೇಷ್ಟ್ರೇ, ಎಲ್ಲಿದ್ದೀನಿ ಅನ್ನೋದೇ ಮರ್ತೋಯ್ತು" ಎಂದ. ನಾನು ನಂಬುತ್ತೇನೆ. ಕಂಟ್ರಾಕ್ಟರ್ ನಂಬಲಿಲ್ಲ. ಮದುವೆ ಕಂಟ್ರಾಕ್ಟಿನಲ್ಲಿ ಸುದ್ದಿ ಬೇಗ ಓಡುತ್ತದೆ. ಮೊದಲ ವರ್ಷ 58 ಇದ್ದದ್ದು ಈ ವರ್ಷ 19ಕ್ಕೆ ಇಳಿಯಿತು. ಅದರಲ್ಲೂ ಎಂಟು ನೆಂಟರ ಮನೆಯವು, ಅಲ್ಲಿ ದುಡ್ಡಿನ ಬದಲು ಪಂಚೆ-ಶಲ್ಯ.

ಸಮಾಧಾನಕ್ಕೆ ನಾನು ಕೋಲ್ಮನ್ನನ ಜೀವನ ಓದಿ ಹೇಳಿದೆ. 1949ರ ಸುಮಾರಿಗೆ ಅವನೂ ಕುಣಿತದ ಜಾಗಗಳಲ್ಲಿ ಹೊಟ್ಟೆಪಾಡಿಗೆ ನುಡಿಸುತ್ತಿದ್ದ. ಬ್ಯಾಟನ್ ರೂಜ್ ಎಂಬ ಊರಿನಲ್ಲಿ ಕುಣಿಯಲು ಬಂದವರಿಗೆ ಅವನ ಊದು ಸರಿಬರಲಿಲ್ಲ. ಹೊರಗೆ ಎಳೆದು ಹೊಡೆದರು, ಸ್ಯಾಕ್ಸೋಫೋನ್ ಒಡೆದು ಹಾಕಿದರು. ಆಮೇಲೆ ಲಾಸ್ ಏಂಜಲೀಸಿನಲ್ಲಿ ಲಿಫ್ಟ್ ನಡೆಸುವ ಕೆಲಸ ಮಾಡಿದ. ಹಿತ್ತಾಳೆಯದಕ್ಕೆ ದುಡ್ಡು ಸಾಲದೆ ಪ್ಲಾಸ್ಟಿಕ್ಕಿನ ಆಲ್ಟೋ ಕೊಂಡ. 1959ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಫೈವ್ ಸ್ಪಾಟ್ ಎಂಬ ಜಾಝ್ ಕ್ಲಬ್ಬಿನಲ್ಲಿ ನುಡಿಸಿದಾಗ ಅರ್ಧ ಜನ ಹೊಗಳಿದರು, ಅರ್ಧ ಜನ ಮೋಸ ಎಂದರು. ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂದದ್ದು 2007ರಲ್ಲಿ, ಎಪ್ಪತ್ತೇಳನೇ ವಯಸ್ಸಿಗೆ. ಇದೇ ಬಗೆಯ ಜಾಝ್‌ನ ಪಿಯಾನೋ ವಾದಕ ಸೆಸಿಲ್ ಟೇಲರ್ ಹೆಸರು ಮಾಡಿದ ಮೇಲೂ ಪಾತ್ರೆ ತೊಳೆದ. ಸ್ಯಾಕ್ಸೋಫೋನಿನ ಆಂಟನಿ ಬ್ರಾಕ್ಸ್‌ಟನ್ ಒಂದು ಕಾಲದಲ್ಲಿ ಚದುರಂಗದ ಪಣದ ದುಡ್ಡಿನಲ್ಲಿ ದಿನ ದೂಡಿದ.

"ಅಂದ್ರೆ ಇನ್ನೂ ನಲವತ್ತೈದು ವರ್ಷ ಅನ್ನಿ" ಎಂದ ನಮ್ಮವನು. ಇಂಥ ಕಥೆಗಳಿಂದ ಯಾರಿಗೂ ಸಮಾಧಾನವಾಗುವುದಿಲ್ಲ ಎಂದು ಅವತ್ತು ಕಲಿತೆ.

ಆಮೇಲೆ ನನ್ನ ಸಲಹೆ. ಕಾಮರ್ಸ್ ಮೇಷ್ಟ್ರ ಸಲಹೆ: ಎರಡು ಲೆಕ್ಕ ಬೇರೆ ಬೇರೆ ಇಡು. ಮದುವೆ ಒಂದು ದಂಧೆ, ಜಾಝ್ ಇನ್ನೊಂದು. ಅದರ ಸದ್ದು ಇದಕ್ಕೆ ಬರಬಾರದು, ಇದರದ್ದು ಅದಕ್ಕೆ ಬರಬಾರದು. ಜಾಝ್‌ಗೆ ಅದರದ್ದೇ ಗಿರಾಕಿ ಹುಡುಕು. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಅವನು ಪಾಪ, ಚಾಚೂ ತಪ್ಪದೆ ಪಾಲಿಸಿದ.

ಮೊದಲು ಒಂದು ಸಂಗೀತ ಸಭೆ. ಫ್ಯೂಷನ್ ಎಂದು ಬರೆದುಕೊಂಡು ಇಪ್ಪತ್ತು ನಿಮಿಷ ಕೊಟ್ಟರು. ಹನ್ನೊಂದನೇ ನಿಮಿಷಕ್ಕೆ ಒಬ್ಬರು ಚೀಟಿ ಕಳಿಸಿದರು, ಯಾವುದಾದರೂ ದೇವರನಾಮ ನುಡಿಸಿ ಎಂದು. ತಪ್ಪು ಅವರದಲ್ಲ. ಸಂಜೆ ಕಾಫಿ ಕುಡಿದು, ತಂಪಾಗಿ ಕೂತು ರಾಗ ಕೇಳೋಣ ಎಂದು ಬಂದವರು.

ಆಮೇಲೆ ಗೋಕುಲಂ. ಯೋಗ ಕಲಿಯಲು ದೇಶ ದೇಶದಿಂದ ಬರುವವರಿಂದ ತುಂಬಿದ ಬಡಾವಣೆ. ಅಲ್ಲಿನ ಒಂದು ಕೆಫೆಯವರು ಶನಿವಾರ ಸಂಜೆ ನುಡಿಸಲು ಕರೆದರು. ವಿದೇಶದವರು, ಜಾಝ್ ಗೊತ್ತಿದ್ದವರು, ಇದೇ ಗಿರಾಕಿ ಎಂದು ನಾನು ಲೆಕ್ಕ ಹಾಕಿದ್ದೆ. ಅವರಿಗೆ ಬೇಕಿದ್ದದ್ದು ಮನಸ್ಸು ತಣ್ಣಗಾಗುವ ಸಂಗೀತ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮೈ ತಿರುಚಿ ಬಂದವರಿಗೆ ಸಂಜೆ ಗಟ್ಟಿಮೇಳ ಯಾರಿಗೆ ಬೇಕು? ಮೂರು ಶನಿವಾರ ನಡೆಯಿತು. ಮೂರನೆಯ ವಾರ ಕೊಳಲು ಬರುತ್ತದೆಯೇ ಎಂದು ಕೇಳಿದರು.

ಇನ್ನು ಆನ್‌ಲೈನ್. ರೂಮಿನಲ್ಲೇ ಮೂವತ್ತೆಂಟು ನಿಮಿಷದ ಒಂದು ತುಂಡು ರೆಕಾರ್ಡ್ ಮಾಡಿ ಹಾಕಿದ. ಇಲ್ಲಿ ಲೆಕ್ಕದವನಾಗಿ ಒಂದು ಮಾತು. ಸ್ಪಾಟಿಫೈಯಲ್ಲಿ ಮೂವತ್ತು ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಮೂವತ್ತೆಂಟು ನಿಮಿಷ ಪೂರ್ತಿ ಕೇಳಿದರೂ ಒಂದೇ ಸಲದ ಲೆಕ್ಕ. ಅದೇ ಹೊತ್ತಿನಲ್ಲಿ ಮೂರು ನಿಮಿಷದ ಸಿನಿಮಾ ಹಾಡು ಹನ್ನೆರಡು ಸಲ ಎಣಿಕೆಯಾಗುತ್ತದೆ. 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ತುಂಡಿಗೆ ಏನೂ ಕೊಡುವುದೇ ಇಲ್ಲ. ಉದ್ದಕ್ಕೆ ನುಡಿಸುವವನಿಗೆ ಆ ತಕ್ಕಡಿಯೇ ಸರಿಯಿಲ್ಲ. ವಾದಕರು ತಮ್ಮ ಸಂಗೀತವನ್ನು ತಾವೇ ಮಾರುವ ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣ ವಾಸಿ. ಕೊಂಡವರ ದುಡ್ಡಿನಲ್ಲಿ ನೂರಕ್ಕೆ ಹದಿನೈದು ಅವರು ಇಟ್ಟುಕೊಂಡು ಉಳಿದದ್ದು ಕೊಡುತ್ತಾರೆ, ಪಾವತಿಯ ಖರ್ಚು ಬೇರೆ. ಅಲ್ಲಿ ಹನ್ನೊಂದು ಜನ ಕೊಂಡರು. ಒಬ್ಬರು ಜಪಾನಿನವರು. ಆ ಒಬ್ಬರ ಬಗ್ಗೆ ಒಂದು ವಾರ ಮಾತಾಡಿದ.

ದುಡ್ಡಿಗಿಂತ ನನಗೆ ಕಾಣುತ್ತಿದ್ದ ತೊಂದರೆ ಬೇರೆ. ಹಾಸಿಗೆ ಒತ್ತಿದ ಕಿಟಕಿಯ ಹಿಂದಿನಿಂದ ಬರುವ ಸದ್ದು ಒಣಗುತ್ತಾ ಬಂತು. ನನಗೆ ಸಂಗೀತ ಗೊತ್ತಿಲ್ಲ, ಆದರೆ ಎರಡು ವರ್ಷ ಕೆಳಗಿನ ಮನೆಯಲ್ಲಿ ಕೂತು ಕೇಳಿದ್ದೇನೆ. ಮೊದಲು ಅದರಲ್ಲಿ ಎಲ್ಲೋ ಒಂದು ಮದುವೆ ಮನೆ ಇರುತ್ತಿತ್ತು. ಈಗ ಪೆನ್‌ಡ್ರೈವ್ ಮಾತ್ರ ಇತ್ತು. ಎರಡು ಲೆಕ್ಕ ಬೇರೆ ಮಾಡು ಎಂದಿದ್ದೆನಲ್ಲ, ಅದರ ಫಲ.

ಅಯ್ನೋರ ಕೈ

ಗೌರಿ ಹಬ್ಬದ ಹಿಂದಿನ ದಿನ ಅವನ ಅಪ್ಪ ಮೈಸೂರಿಗೆ ಬಂದರು. ದೇವರಾಜ ಮಾರುಕಟ್ಟೆಗೆ ಬಂದವರು, ಕೈಯಲ್ಲಿ ಬಾಳೆಗೊನೆ. ಮದ್ದೂರಿನ ಮದುವೆಯ ಬಗ್ಗೆ ಅಪ್ಪ-ಮಗ ಅಲ್ಲಿಯವರೆಗೂ ಮಾತೇ ಆಡಿರಲಿಲ್ಲ. ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಾಗ ಮೇಲಿನಿಂದ ಊದುವುದು ಕೇಳಿಸಿತು. ಲೋಟ ಕೆಳಗಿಟ್ಟು ಮಗನನ್ನು ಕೂಗಿ ಕರೆದರು.

"ಏನ್ಲಾ ಅದು?"

"ಗಟ್ಟಿಮೇಳನೇ ಕಣಪ್ಪ. ರಾಗ ಇಲ್ದೆ, ತಾಳ ಇಲ್ದೆ, ಉದ್ದಕ್ಕೆ."

"ಗಟ್ಟಿಮೇಳಕ್ಕೆ ತಾಳ ಇಲ್ಲ ಅಂತ ನಿಂಗ್ಯಾರ್ಲಾ ಹೇಳ್ದೋರು? ಅಯ್ನೋರ ಕೈ ಐತಲ್ಲ. ಮೂವತ್ತೈದು ವರ್ಷದಿಂದ ನಾನು ಡೋಲು ನೋಡ್ಕೊಂಡು ಬಡ್ದಿಲ್ಲ, ಅಯ್ನೋರ ಕೈ ನೋಡ್ಕೊಂಡು ಬಡ್ದಿವ್ನಿ. ಒಂದೊಂದು ಗಂಡಿಗೆ ಗಂಟು ಹಾಕಾಕೆ ಬರಕಿಲ್ಲ, ಕೈ ನಡುಗ್ತದೆ. ಆಗ ಎಳೀಬೇಕು. ಒಬ್ಬ ಪಟ್ಟಂತ ಕಟ್ಬುಡ್ತಾನೆ, ಆಗ ನಿಲ್ಲಿಸ್ಬೇಕು. ನೀನು ಅವತ್ತು ಕಣ್ಣು ಮುಚ್ಕಂಡಿದ್ದೆ."

ಅಷ್ಟೇ ಹೇಳಿ ಕಾಫಿ ಮುಗಿಸಿ ಬಸ್ಸಿಗೆ ಹೋದರು. ಬೈಯಲೂ ಇಲ್ಲ.

ಆ ರಾತ್ರಿ ಮೇಲಿನ ರೂಮಿನಿಂದ ಸದ್ದೇ ಇಲ್ಲ. ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಬಂದು ಹೇಳಿದ: ಎಲ್ಲಿ ನಿಲ್ಲಿಸಬೇಕು ಎಂದು ತಾನು ತೀರ್ಮಾನಿಸಬಾರದು. ಸಂಗೀತ ಬಾರದ ಯಾರೋ ಒಬ್ಬರು, ತಮ್ಮ ಕೆಲಸದ ಮೇಲೆ ಕಣ್ಣಿಟ್ಟವರು, ತೀರ್ಮಾನಿಸಬೇಕು. ಅವರ ಕೈ ನೋಡಿಕೊಂಡು ನುಡಿಸಬೇಕು.

ಅಂಥವರು ಎಲ್ಲಿ ಸಿಗುತ್ತಾರೆ? ಅವರ ಊರಿನಲ್ಲೇ ಸಿಕ್ಕರು, ಆಲೆಮನೆಯಲ್ಲಿ.

ಮಂಡ್ಯದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ: ಕಬ್ಬಿನ ಹಾಲನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕಾಯಿಸುತ್ತಾರೆ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯನ್ನೇ ತಳ್ಳುತ್ತಾರೆ. ಮಡ್ಡಿ ಮೇಲೆ ಬಂದಾಗ ತೆಗೆಯುತ್ತಾರೆ. ಹಾಲು ಇಂಗಿ, ಬಣ್ಣ ತಿರುಗಿ, ಪಾಕ ಬರುವ ಕೊನೆಯ ಹಂತದಲ್ಲಿ ಒಬ್ಬ ಹಿರಿಯ ಕೊಪ್ಪರಿಗೆ ಬಿಟ್ಟು ಅಲ್ಲಾಡುವುದಿಲ್ಲ. ಕೋಲು ಅದ್ದಿ ಎತ್ತಿ, ತಣ್ಣೀರಿಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ಉರುಟಿ ನೋಡುತ್ತಾನೆ. ಒಂದು ನಿಮಿಷ ಮುಂಚೆ ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ, ಒಂದು ನಿಮಿಷ ತಡವಾದರೆ ಸೀದ ವಾಸನೆ. ಅವನು ಕೈ ಎತ್ತಿದ ಮೇಲೇ ಕೊಪ್ಪರಿಗೆ ಇಳಿಯುವುದು.

ಕಳೆದ ಚಳಿಗಾಲದ ಒಂದು ಸಂಜೆ ಅಲ್ಲಿ ನುಡಿಸಿದರು. ನಾನೂ ಹೋಗಿದ್ದೆ, ಬಸ್ಸಿನಲ್ಲಿ. ಡೋಲಿಗೆ ಅಪ್ಪ. ಹೇಗೆ ಒಪ್ಪಿದರೋ ಗೊತ್ತಿಲ್ಲ, ನಾನು ಕೇಳಲಿಲ್ಲ. ಕೇಳುಗರು ಹದಿನೆಂಟು ಜನ. ಅದರಲ್ಲಿ ಹನ್ನೊಂದು ಜನ ಆಲೆಮನೆಯ ಕೆಲಸದವರು, ಎಲ್ಲಿಗೂ ಹೋಗುವ ಹಾಗಿಲ್ಲದೆ ಕೇಳಿದವರು. ನಾಟಕದ ತಂಡದಿಂದ ಐವರು. ಒಂದು ನಾಯಿ ಕೂಡ ಇತ್ತು, ಲೆಕ್ಕಕ್ಕೆ ಸೇರಿಸಿಲ್ಲ.

ಮೊದಲು ಅವನು ಊದಲೇ ಇಲ್ಲ. ರೀಡ್ ಬಾಯಲ್ಲಿಟ್ಟುಕೊಂಡು ಕೊಪ್ಪರಿಗೆಯ ಕಡೆ ನೋಡುತ್ತಾ ನಿಂತ. ಪಾಕ ಆಗ ದೊಡ್ಡ ದೊಡ್ಡ ಗುಳ್ಳೆ ಎಬ್ಬಿಸುತ್ತಾ ಗುಳುಗುಳು ಎನ್ನುತ್ತಿತ್ತು. ಅವನು ಕೀಲಿಗಳನ್ನು ಮಾತ್ರ ಬಡಿಯುತ್ತಾ, ಗಾಳಿಯನ್ನಷ್ಟೇ ಬಿಡುತ್ತಾ ಆ ಸದ್ದಿನ ಜೊತೆ ಸೇರಿಕೊಂಡ. ಅಪ್ಪ ಡೋಲಿನ ಮೇಲೆ ಅಂಗೈ ಉಜ್ಜಿದರು. ಒಂದು ಸ್ವರ ಬಂತು, ಎರಡೂವರೆ ಮನೆಯ ಷಡ್ಜ, ಓಲಗದ ಶ್ರುತಿ. ಅದು ನಿಲ್ಲಲಿಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ, ಅದೇ ಸ್ವರ ಒಳಗೊಳಗೇ ಸೀಳುತ್ತಾ ಹೋಯಿತು. ಪಾಕ ಗಟ್ಟಿಯಾದಂತೆ ಗುಳ್ಳೆಯ ಸದ್ದು ಲೊಟಲೊಟ ಎಂದು ಭಾರವಾಯಿತು, ಡೋಲೂ ಭಾರವಾಯಿತು. ಇಬ್ಬರ ಕಣ್ಣೂ ಆ ಹಿರಿಯನ ಕೈ ಮೇಲೆ. ಅವನು ಒಂದು ಸಲ ಬೆರಳಲ್ಲಿ ಉರುಟಿ ನೋಡಿ ತಲೆ ಅಲ್ಲಾಡಿಸಿದ, ಇನ್ನೂ ಇಲ್ಲ ಎಂದು. ಸ್ಯಾಕ್ಸೋಫೋನ್ ಏರುತ್ತಿದ್ದದ್ದು ಅಲ್ಲಿಂದಲೇ ಇಳಿಯಿತು. ಎರಡನೇ ಸಲ ಉರುಟಿದಾಗ ಅವನ ಮುಖ ನೋಡಿಯೇ ಡೋಲು ಎದ್ದಿತು. ಕೆಲಸದವರು ಕೊಪ್ಪರಿಗೆಯ ಬಳಿ ಬಂದು ನಿಂತರು. ಆಮೇಲಿನ ಒಂದು ನಿಮಿಷ ನಿಜವಾದ ಗಟ್ಟಿಮೇಳ. ಹಿರಿಯ ಕೈ ಎತ್ತಿದ. ಎರಡೂ ಕಚಕ್ಕನೆ ನಿಂತವು. ಪಾಕವನ್ನು ಆರಲು ಬಿಡುವ ದೋಣಿಗೆ ಸುರಿಯುವ ಸದ್ದು ಮಾತ್ರ ಉಳಿಯಿತು.

ನಲವತ್ತೊಂದು ನಿಮಿಷ. ನನಗೆ ಸಂಗೀತ ಗೊತ್ತಿಲ್ಲ ಎಂದು ಆಗಲೇ ಹೇಳಿದ್ದೇನೆ. ಆದರೆ ಕೂತಿದ್ದ ಕಬ್ಬಿನ ಕಟ್ಟಿನಿಂದ ಏಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಹಿರಿಯನನ್ನು ಕೇಳಿದೆ, ಹೇಗಿತ್ತು? "ನಾನೆಲ್ಲಿ ಕೇಳಿಸ್ಕಂಡೆ, ಪಾಕ ನೋಡ್ತಿದ್ನಲ್ಲ" ಎಂದ.

ಈಗಿನ ಸ್ಥಿತಿ

ಮೂರನೆಯ ವರ್ಷದ ಪುಸ್ತಕ ಇನ್ನೂ ಮುಗಿದಿಲ್ಲ. ಆಲೆಮನೆಯ ರೆಕಾರ್ಡಿಂಗ್ ಬ್ಯಾಂಡ್‌ಕ್ಯಾಂಪಿನಲ್ಲಿ 64 ಜನ ಕೊಂಡಿದ್ದಾರೆ. ಬೆಂಗಳೂರಿನಿಂದ ಎರಡು ಕಡೆ ಕರೆದರು. ಒಂದು ಕಡೆ ಆಲೆಮನೆಯ ಬದಲು ವೇದಿಕೆಯ ಮೇಲೆ ಒಬ್ಬರು ದೋಸೆ ಹುಯ್ಯಲಿ ಎಂದು ಅವರೇ ಸೂಚಿಸಿದರು. ಅದು ಆಟವಾಗುತ್ತದೆ ಎಂದು ಇವನು ಒಪ್ಪಲಿಲ್ಲ. ನನಗೆ ದೋಸೆ ಚೆನ್ನಾಗಿಯೇ ಕಂಡಿತ್ತು. ನಾಟಕದ ಕೆಲಸ ವರ್ಷಕ್ಕೆ ಮೂರೋ ನಾಲ್ಕೋ ಬರುತ್ತಿದೆ, ಈಗ ಪೆಟ್ರೋಲಿಗಿಂತ ಸ್ವಲ್ಪ ಜಾಸ್ತಿ ಕೊಡುತ್ತಾರೆ.

ಮದುವೆ 33ಕ್ಕೆ ಏರಿದೆ. ಅಪ್ಪನೇ ಕಂಟ್ರಾಕ್ಟರ್ ಮನೆಗೆ ಹೋಗಿ ಮಾತಾಡಿದರು. ಕಂಟ್ರಾಕ್ಟರ್ ಒಂದು ಷರತ್ತು ಹಾಕಿದ, ಮುಹೂರ್ತಕ್ಕೆ ಇವನು ಮಂಟಪಕ್ಕೆ ಮುಖ ಮಾಡಿ ಕೂರಬೇಕು ಎಂದು. ಇವನು ನಕ್ಕು ಒಪ್ಪಿದ. ಹೇಗೂ ಹಾಗೆಯೇ ಕೂರುತ್ತಿದ್ದ.

ಎರಡು ಲೆಕ್ಕ ಬೇರೆ ಇಡುವುದನ್ನು ಬಿಟ್ಟಿದ್ದೇವೆ. ಒಂದೇ ಪುಸ್ತಕ, ಒಂದೇ ಜಮಾ, ಒಂದೇ ಖರ್ಚು. ರೀಡ್ ಯಾವ ಸದ್ದಿಗೆ ಸವೆಯಿತು ಎಂದು ಹೇಗೆ ಹಂಚುವುದು? ಕ್ಲಾಸಿನ ಮಕ್ಕಳಲ್ಲಿ ಹೆಚ್ಚಿನವರು ನನ್ನ ಹಳೆಯ ಸಲಹೆಯನ್ನೇ ಬರೆದಿದ್ದರು. ಅವರಿಗೆ ಪೂರ್ತಿ ಅಂಕ ಕೊಟ್ಟೆ, ನಾನು ಪಾಠ ಮಾಡಿದ್ದೇ ಹಾಗಲ್ವಾ. ಹಿಂದಿನ ಬೆಂಚಿನ ಒಬ್ಬಳು ಮಾತ್ರ, ಆಲೆಮನೆಯವರು ಎಷ್ಟು ಕೊಟ್ಟರು ಸಾರ್ ಎಂದು ಕೇಳಿದಳು.

ದುಡ್ಡು ಕೊಡಲಿಲ್ಲ. ಹತ್ತು ಕೆಜಿ ಬೆಲ್ಲ ಕೊಟ್ಟರು. ಅದರಲ್ಲಿ ನಾಲ್ಕು ಕೆಜಿಯನ್ನು ಇವನು ಹಳೆಯ ಬಾಡಿಗೆ ಬಾಕಿಯ ಲೆಕ್ಕಕ್ಕೆ ಎಂದು ನಮ್ಮ ಅಡುಗೆಮನೆಯಲ್ಲಿ ತಂದಿಟ್ಟ. ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ತಿಳಿಯದೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ.